ಪಕ್ಕದ ಜೀವಕೋಶದೊಡನೆ ನೇರ ಮಾತು

ಕೇಳುಗರೆಲ್ಲರಿಗೂ ನಮಸ್ಕಾರ.

ದೇಹದೊಳಗೆ ಸುದ್ದಿ ಹೇಗೆ ಸಾಗುತ್ತದೆ ಎಂದು ಕೇಳಿದರೆ ಹೆಚ್ಚಿನವರು ನರಗಳ ಹೆಸರು ಹೇಳುತ್ತಾರೆ. ಇನ್ನು ಕೆಲವರು ಇನ್ಸುಲಿನ್, ಥೈರಾಯ್ಡ್ ಎಂದು ಹಾರ್ಮೋನುಗಳತ್ತ ಬೆರಳು ತೋರಿಸುತ್ತಾರೆ. ಇವೆರಡರ ಬಗ್ಗೆ ತಾವು ಸಾಕಷ್ಟು ಕೇಳಿದ್ದೀರಿ. ಇಂದು ನಾನು ಹೇಳಹೊರಟಿರುವುದು ಮೂರನೆಯ ದಾರಿಯನ್ನು. ಇಲ್ಲಿ ನರವೂ ಬೇಡ, ರಕ್ತವೂ ಬೇಡ. ಒಂದು ಜೀವಕೋಶ ತನ್ನಲ್ಲಿರುವುದನ್ನು ಪಕ್ಕದ ಜೀವಕೋಶಕ್ಕೆ ನೇರವಾಗಿ ದಾಟಿಸುತ್ತದೆ. ಈ ದಾಟುದಾರಿಯೇ ಗ್ಯಾಪ್ ಜಂಕ್ಷನ್.

ಚಾಮರಾಜಪೇಟೆಯ ಹಳೆಯ ವಠಾರಗಳಲ್ಲಿ ಬೆಳೆದವರು ಎರಡು ಅಡುಗೆಮನೆಗಳ ನಡುವೆ ಗೋಡೆಯಲ್ಲೊಂದು ಕಿಂಡಿ ಇದ್ದಂತೆ ಊಹಿಸಿಕೊಳ್ಳಿ. ಹೆಪ್ಪಿಗೆ ಮಜ್ಜಿಗೆ, ಒಂದು ಹಿಡಿ ಕರಿಬೇವು ಅದರಲ್ಲಿ ದಾಟುತ್ತವೆ, ಕಬ್ಬಿಣದ ಬೀರು ದಾಟುವುದಿಲ್ಲ. ಜೀವಕೋಶಗಳ ನಡುವಿನ ವ್ಯವಸ್ಥೆಯೂ ಹೀಗೆಯೇ ಇದೆ. ಕನೆಕ್ಸಿನ್ ಎಂಬ ಪ್ರೋಟೀನಿನ ಆರು ಅಣುಗಳು ಕೋಶಪೊರೆಯಲ್ಲಿ ದುಂಡಗೆ ನಿಂತು ಅರ್ಧ ಕೊಳವೆಯಾಗುತ್ತವೆ, ಪಕ್ಕದ ಕೋಶವೂ ತನ್ನ ಕಡೆಯಿಂದ ಅಂಥದೇ ಅರ್ಧವನ್ನು ಒಡ್ಡುತ್ತದೆ, ಎರಡೂ ಕೂಡಿಕೊಂಡಾಗ ಮಾತ್ರ ಪೂರ್ಣ ಕೊಳವೆ ಸಿದ್ಧವಾಗುತ್ತದೆ. ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಅಯಾನುಗಳೂ, ಅಂದರೆ ವಿದ್ಯುದಂಶ ಹೊತ್ತ ಕಣಗಳೂ, ಸುಮಾರು 1000 ಡಾಲ್ಟನ್ (ಅಣುಗಳ ತೂಕದ ಅಳತೆ) ತೂಕದೊಳಗಿನ ಸಣ್ಣ ಅಣುಗಳೂ ಇದರಲ್ಲಿ ಹಾದುಹೋಗುತ್ತವೆ. ಪ್ರೋಟೀನು, ಡಿಎನ್‌ಎಗಳಿಗೆ ಪ್ರವೇಶವಿಲ್ಲ.

ಇದನ್ನು ಕಣ್ಣಾರೆ ನೋಡುವ ಒಂದು ಪ್ರಯೋಗವಿದೆ. ಅದರ ಬಗ್ಗೆ ಹೇಳತೊಡಗಿದರೆ ನನಗೆ ನಿಲ್ಲಿಸುವುದು ಕಷ್ಟ, ಮನ್ನಿಸಬೇಕು. ಮೊಟ್ಟೆಯೊಳಗಿನ ಕೋಳಿಮರಿಯ ಪುಟ್ಟ ಹೃದಯವನ್ನು ತೆಗೆದು, ಕಿಣ್ವದಲ್ಲಿ ನೆನೆಸಿ, ಅದರ ಜೀವಕೋಶಗಳನ್ನು ಬಿಡಿಬಿಡಿಯಾಗಿಸಿ, ಪೋಷಕ ದ್ರವವಿರುವ ಗಾಜಿನ ಬಟ್ಟಲಿನಲ್ಲಿ ಬೆಚ್ಚಗೆ ಇಡುತ್ತೇವೆ. ಅವು ತಳಕ್ಕೆ ಅಂಟಿಕೊಂಡ ಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂಟಿ ಕೋಶಗಳೂ ಮಿಡಿಯುತ್ತಿರುತ್ತವೆ, ಆದರೆ ಒಂದರ ತಾಳಕ್ಕೂ ಇನ್ನೊಂದರ ತಾಳಕ್ಕೂ ಸಂಬಂಧವಿರುವುದಿಲ್ಲ. ಒಂದು ಅವಸರದ್ದು, ಇನ್ನೊಂದು ನಿಧಾನದ್ದು, ಮತ್ತೊಂದು ನಡುವೆ ಸುಮ್ಮನಿದ್ದು ಮತ್ತೆ ಶುರುಮಾಡುವಂಥದು. ಕಾಲಕ್ರಮೇಣ ಅವು ಹರಡಿಕೊಂಡು ಪರಸ್ಪರ ತಾಗುತ್ತವೆ. ತಾಗಿದ ಜಾಗದಲ್ಲಿ ಕೊಳವೆಗಳು ಕೂಡುತ್ತವೆ, ಅಯಾನುಗಳು ದಾಟುತ್ತವೆ, ಅಷ್ಟರಲ್ಲಿ ಆ ಕೋಶಗಳು ಒಂದೇ ತಾಳದಲ್ಲಿ ಮಿಡಿಯತೊಡಗುತ್ತವೆ! ಸಾಮಾನ್ಯವಾಗಿ ವೇಗದ ಕೋಶವೇ ಉಳಿದವುಗಳನ್ನು ಎಳೆದುಕೊಂಡು ಹೋಗುತ್ತದೆ. ಎಷ್ಟು ಸಲ ನೋಡಿದರೂ ನನಗೆ ಆ ಸೂಕ್ಷ್ಮದರ್ಶಕದಿಂದ ಏಳಲು ಮನಸ್ಸಾಗುವುದಿಲ್ಲ. ಹಿಂದೆ ಸಾಲಿನಲ್ಲಿ ನಿಂತ ವಿದ್ಯಾರ್ಥಿಗಳು ಕೆಮ್ಮಿ ಎಚ್ಚರಿಸಬೇಕಾಗುತ್ತದೆ. ಅವರಲ್ಲಿ ಯಾರಾದರೊಬ್ಬರು, "ಸರ್, ಮಿಡಿಯಿರಿ ಎಂದು ಹೇಳಿದ ನರ ಯಾವುದು?" ಎಂದು ಕೇಳಿಯೇ ಕೇಳುತ್ತಾರೆ. ಬಟ್ಟಲಿನೊಳಗೆ ನರ ಎಲ್ಲಿಂದ ಬರಬೇಕು? ನರಗಳು ಹೃದಯದ ವೇಗವನ್ನು ಏರಿಳಿಸಬಲ್ಲವು, ಅಷ್ಟೇ. ಕಸಿ ಮಾಡುವಾಗ ನರಗಳನ್ನು ಕತ್ತರಿಸಿ ತಂದ ಹೃದಯವೂ ಹೊಸ ಎದೆಯಲ್ಲಿ ತಾನಾಗಿ ಮಿಡಿಯುತ್ತದೆ, ಏಕೆಂದರೆ ತಾಳ ಹುಟ್ಟುವುದು ಅದರ ಕೋಶಗಳಲ್ಲೇ, ಅದನ್ನು ಹಂಚಿಕೊಳ್ಳಲು ಅವು ತಮ್ಮತಮ್ಮಲ್ಲಿ ನೇರವಾಗಿ ಮಾತನಾಡಿಕೊಳ್ಳುತ್ತವೆ.

ಇದು ನೆನ್ನೆ ಮೊನ್ನೆಯ ವಿಚಾರವಲ್ಲ. ಸೀಗಡಿಯ ಬಳಗಕ್ಕೆ ಸೇರಿದ ಕ್ರೇಫಿಶ್ ಎಂಬ ಜೀವಿಯ ನರಗಳಲ್ಲಿ, ರಾಸಾಯನಿಕದ ನೆರವಿಲ್ಲದೆ ವಿದ್ಯುತ್ತು ಒಂದು ಕೋಶದಿಂದ ಇನ್ನೊಂದಕ್ಕೆ ನೇರವಾಗಿ ಹರಿಯುತ್ತದೆ ಎಂದು ಫರ್ಶ್‌ಪಾನ್ ಮತ್ತು ಪಾಟರ್ ಎಂಬ ವಿಜ್ಞಾನಿಗಳು 1959ರಲ್ಲೇ ವಿವರವಾಗಿ ತೋರಿಸಿದ್ದರು. ಆದರೂ ನಮ್ಮ ಶಾಲಾ ಪಾಠಗಳಲ್ಲಿ ಜೀವಕೋಶವೆಂದರೆ ಇಂದಿಗೂ ಒಂಟಿಯಾಗಿ ಬರೆದ ಒಂದು ವೃತ್ತ, ಅದರೊಳಗೊಂದು ಚುಕ್ಕೆ.

ನನಗೆ ಕೊಟ್ಟ ಸಮಯದ ಬಹುಪಾಲು ಹೃದಯದಲ್ಲೇ ಕಳೆಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ. ಕಣ್ಣಿನ ಮಸೂರದೊಳಗೆ ರಕ್ತನಾಳಗಳಿಲ್ಲ, ಹಾಗಾಗಿ ಅದರ ಒಳಗಿನ ಕೋಶಗಳು ಈ ಕೊಳವೆಗಳನ್ನೇ ನಂಬಿಕೊಂಡಿವೆ. ಅಲ್ಲಿನ ಕನೆಕ್ಸಿನ್ ಕೆಟ್ಟರೆ ಮಕ್ಕಳಲ್ಲೂ ಕಣ್ಣಿನ ಪೊರೆ ಬರಬಹುದು. ಹೆರಿಗೆ ಹತ್ತಿರವಾದಂತೆ ಗರ್ಭಕೋಶದ ಸ್ನಾಯುಗಳಲ್ಲಿ ಗ್ಯಾಪ್ ಜಂಕ್ಷನ್‌ಗಳು ಹೆಚ್ಚುತ್ತವೆ, ಅದರಿಂದಲೇ ಇಡೀ ಗರ್ಭಕೋಶ ಒಟ್ಟಾಗಿ ಬಿಗಿಯಬಲ್ಲದು. ಒಂದು ಕೋಶಕ್ಕೆ ಗಾಯವಾಗಿ ಅದರೊಳಗೆ ಕ್ಯಾಲ್ಸಿಯಂ ನುಗ್ಗಿದರೆ ಕೊಳವೆಗಳು ಮುಚ್ಚಿಕೊಂಡು, ನೆರೆಯ ಕೋಶಗಳಿಗೆ ಅಪಾಯ ತಟ್ಟದಂತೆ ನೋಡಿಕೊಳ್ಳುತ್ತವೆ.

ಕಿವಿಯ ವಿಷಯವನ್ನು ಮಾತ್ರ ಬಿಡುವಂತಿಲ್ಲ. ಒಳಗಿವಿಯ ಕೋಶಗಳ ನಡುವಿನ ಕೊಳವೆಗಳಲ್ಲಿ ಕನೆಕ್ಸಿನ್ 26 ಎಂಬ ಬಗೆ ಮುಖ್ಯವಾದದ್ದು. ಅದರ ಜೀನಿನ ದೋಷದಿಂದ ಹುಟ್ಟುಕಿವುಡು ಬರುತ್ತದೆ ಎಂಬುದು 1997ರಲ್ಲಿ ತಿಳಿಯಿತು; ವಂಶಪಾರಂಪರ್ಯ ಕಿವುಡಿಗೆ ಜಗತ್ತಿನ ಅನೇಕ ಕಡೆ ಇದೇ ದೊಡ್ಡ ಕಾರಣ. ತಂದೆತಾಯಿಗಳಿಬ್ಬರ ಕಿವಿಯೂ ಚೆನ್ನಾಗಿದ್ದು, ಇಬ್ಬರಲ್ಲೂ ದೋಷದ ಒಂದೊಂದು ಪ್ರತಿ ಅಡಗಿದ್ದರೆ, ಪ್ರತಿ ಬಸಿರಿನಲ್ಲೂ ಮಗುವಿಗೆ ಕಿವುಡು ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ಮನೆಗಳಲ್ಲಿ ಒಂದೇ ದೋಷ ಇಬ್ಬರಲ್ಲೂ ಇರುವ ಸಂಭವ ಹೆಚ್ಚು. ಅಂಥ ಮನೆಯವರು "ದೊಡ್ಡದಾದ ಮೇಲೆ ಮಾತು ಬರುತ್ತದೆ" ಎಂದು ಕಾಯದೆ, ಮಗು ಹುಟ್ಟಿದ ಮೊದಲ ತಿಂಗಳಲ್ಲೇ ಶ್ರವಣ ಪರೀಕ್ಷೆ ಮಾಡಿಸಿ. ಮಗು ಮಲಗಿರುವಾಗಲೇ, ನೋವಿಲ್ಲದೆ, ಕೆಲವೇ ನಿಮಿಷಗಳಲ್ಲಿ ಅದು ಮುಗಿಯುತ್ತದೆ.

ನಮಸ್ಕಾರ.