ಎದೆಯ ಮೇಲಿನ ಬ್ಯಾಡ್ಜ್

ಶ್ರೋತೃಗಳಿಗೆ ನಮಸ್ಕಾರ. ಎಕ್ಸ್-ರೇ ಕೋಣೆಗಳಲ್ಲಿ, ಕ್ಯಾನ್ಸರ್ ಚಿಕಿತ್ಸಾ ವಿಭಾಗಗಳಲ್ಲಿ ದುಡಿಯುತ್ತಿರುವ ತಂತ್ರಜ್ಞರನ್ನೂ ದಾದಿಯರನ್ನೂ ಮನಸ್ಸಿನಲ್ಲಿಟ್ಟುಕೊಂಡು ಒಂದೇ ಒಂದು ವಿಷಯವನ್ನು ಹೇಳಲು ಬಂದಿದ್ದೇನೆ. ನೀವು ಧರಿಸುವ ಟಿಎಲ್‌ಡಿ (ಥರ್ಮೋಲ್ಯೂಮಿನೆಸೆಂಟ್ ಡೋಸಿಮೀಟರ್) ಬ್ಯಾಡ್ಜ್ ತಾನಿರುವ ಜಾಗಕ್ಕೆ ಬಿದ್ದ ವಿಕಿರಣವನ್ನು ಅಳೆಯುತ್ತದೆ. ಅದು ನಿಮ್ಮ ಎದೆಯ ಮೇಲಿದ್ದರೆ ಮಾತ್ರ ಆ ಲೆಕ್ಕ ನಿಮ್ಮದಾಗುತ್ತದೆ.

ಭಾಭಾ ಪರಮಾಣು ಸಂಶೋಧನಾ ಕೇಂದ್ರ ರೂಪಿಸಿದ ಈ ಬ್ಯಾಡ್ಜಿನೊಳಗೆ ಅಲ್ಯೂಮಿನಿಯಂ ಪಟ್ಟಿಯ ಮೇಲೆ ಮೂರು ಪುಟ್ಟ ಬಿಲ್ಲೆಗಳಿವೆ. ಡಿಸ್ಪ್ರೋಸಿಯಂ ಎಂಬ ಲೋಹ ಬೆರೆತ ಕ್ಯಾಲ್ಸಿಯಂ ಸಲ್ಫೇಟ್ ಮತ್ತು ಟೆಫ್ಲಾನಿನಿಂದ ಮಾಡಿದ ಈ ಬಿಲ್ಲೆಗಳು ವಿಕಿರಣದ ಶಕ್ತಿಯನ್ನು ಹಿಡಿದಿಟ್ಟುಕೊಂಡು, ಪ್ರಯೋಗಾಲಯದಲ್ಲಿ ಕಾಯಿಸಿದಾಗ ಅದನ್ನು ಬೆಳಕಾಗಿ ಬಿಟ್ಟುಕೊಡುತ್ತವೆ. ನಮ್ಮ ಮೈಯ ಮಾಂಸಕ್ಕೆ ಹೋಲಿಸಿದರೆ ಈ ವಸ್ತು ಮೂವತ್ತು ಕಿಲೋ ಎಲೆಕ್ಟ್ರಾನ್ ವೋಲ್ಟಿನ ಆಸುಪಾಸಿನ, ಅಂದರೆ ಕಡಿಮೆ ಶಕ್ತಿಯ, ಎಕ್ಸ್-ಕಿರಣಗಳಿಗೆ ಸುಮಾರು ಹತ್ತು ಪಟ್ಟು ಹೆಚ್ಚಾಗಿ ಸ್ಪಂದಿಸುತ್ತದೆ. ಆದ್ದರಿಂದಲೇ ಒಂದು ಬಿಲ್ಲೆಗೆ ಲೋಹದ ಮರೆ, ಇನ್ನೊಂದಕ್ಕೆ ಪ್ಲಾಸ್ಟಿಕ್ಕಿನ ಮರೆ, ಮೂರನೆಯದು ಬಯಲು. ಮೂರನ್ನೂ ಹೋಲಿಸಿದಾಗ ಬಿದ್ದ ಕಿರಣ ಎಂಥದ್ದೆಂದು ತಿಳಿಯುತ್ತದೆ.

ಹಲವು ವರ್ಷಗಳ ಹಿಂದೆ ಒಂದು ಆಸ್ಪತ್ರೆಯ ತರುಣ ತಂತ್ರಜ್ಞರೊಬ್ಬರ ಬ್ಯಾಡ್ಜ್, ಒಂದೇ ವರ್ಷಕ್ಕೆ ಮೀರಬಾರದೆಂದು ನಮ್ಮ ದೇಶ ವಿಧಿಸಿರುವ 30 ಮಿಲಿಸೀವರ್ಟ್ (ಮೈಗೆ ತಗುಲಿದ ವಿಕಿರಣದ ಅಳತೆ) ಮಿತಿಯನ್ನು ಮೂರೇ ತಿಂಗಳಲ್ಲಿ ದಾಟಿತ್ತು. ನಾನು ಅಲ್ಲಿಗೆ ಹೋದಾಗ ಅವರು ತಾಯಿಯೊಡನೆ ಬಾಗಿಲ ಬಳಿಯ ಬೆಂಚಿನ ಮೇಲೆ ಕುಳಿತಿದ್ದರು. ಇಬ್ಬರೂ ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲ. ಕೆಲಸದ ವೇಳೆ, ನಿಲ್ಲುವ ಜಾಗ, ತೆಗೆದ ಚಿತ್ರಗಳ ಸಂಖ್ಯೆ, ಎಲ್ಲವನ್ನೂ ವಿಚಾರಿಸಿದೆ, ಯಾವುದೂ ತಾಳೆಯಾಗಲಿಲ್ಲ. ಕೊನೆಗೆ "ಬ್ಯಾಡ್ಜ್ ಎಲ್ಲಿಡುತ್ತೀರಿ?" ಎಂದು ಕೇಳಿದಾಗ ಅವರು ಯಂತ್ರದ ಎದುರಿನ ಗೋಡೆಯತ್ತ ಕೈ ತೋರಿಸಿದರು. ಅಲ್ಲಿನ ಮೊಳೆಗೆ ವಿಕಿರಣ ತಡೆಯುವ ಸೀಸದ ಏಪ್ರನ್ ತೂಗುಬಿದ್ದಿತ್ತು, ಅದರ ದಾರಕ್ಕೆ ಬ್ಯಾಡ್ಜನ್ನು ಕಟ್ಟಲಾಗಿತ್ತು. ಅವರು ಮನೆಯಲ್ಲಿದ್ದ ಹೊತ್ತಿನಲ್ಲೂ ಉಳಿದ ಪಾಳಿಯವರು ತೆಗೆದ ಪ್ರತಿಯೊಂದು ಎಕ್ಸ್-ರೇಯೂ ಅವರ ಹೆಸರಿಗೆ ಜಮೆಯಾಗುತ್ತಿತ್ತು. ದಾರಕ್ಕೆ ಏಕೆ ಕಟ್ಟಿದಿರೆಂದರೆ, "ಕ್ಲಿಪ್ ಮುರಿದಿದೆ ಸಾರ್, ಜೇಬಿಗೆ ನಿಲ್ಲುವುದಿಲ್ಲ" ಎಂದರು. ಬಿಲ್ಲೆಗೆ ಕೊಡುವಷ್ಟೇ ಗಮನವನ್ನು ಕ್ಲಿಪ್ಪಿಗೂ ಕೊಡಬೇಕೆಂದು ವಿನ್ಯಾಸಕಾರರ ಸಭೆಗಳಲ್ಲಿ ಅಂದಿನಿಂದ ನಾನು ಪಟ್ಟುಹಿಡಿದು ಹೇಳುತ್ತಿದ್ದೇನೆ.

ಸಮಯ ಕಡಿಮೆಯಿದೆ. ಬ್ಯಾಡ್ಜನ್ನು ಎದೆಯ ಮಟ್ಟದಲ್ಲಿ, ಏಪ್ರನ್ನಿನ ಒಳಗೆ ಧರಿಸಿ. ಕೆಲಸ ಮುಗಿದ ಮೇಲೆ ವಿಕಿರಣವಿಲ್ಲದ ಕೋಣೆಯಲ್ಲಿಡಿ. ಇನ್ನೊಬ್ಬರಿಗೆ ಎರವಲು ಕೊಡಬೇಡಿ. ಕ್ಲಿಪ್ ಮುರಿದಿದ್ದರೆ ದಯವಿಟ್ಟು ನಾಳೆಗೆ ಮುಂದೂಡದೆ ಇಂದೇ ಬದಲಿ ಕೇಳಿ.