ತೀರದ ನೀರಿಗೆ ತೀರದ ಹಡಗು

ನಮಸ್ಕಾರ. ಇವತ್ತು ಡಿಸೆಂಬರ್ 4. ಈ ದಿನದ ಕಥೆಯನ್ನು ಕಾರವಾರದವರಿಗೆ ಹೇಳಬೇಕಾಗಿಲ್ಲ. 1971ರಲ್ಲಿ ನಿಪಾತ್, ನಿರ್ಘಾತ್, ವೀರ್ ಎಂಬ ನಮ್ಮ ನೌಕಾಪಡೆಯ ಮೂರು ಪುಟ್ಟ ಕ್ಷಿಪಣಿ ನೌಕೆಗಳು ಕರಾಚಿಗೆ ನುಗ್ಗಿದ್ದು ಇದೇ ರಾತ್ರಿ. ಅದೇ ಕುಲದ ಚಾಪೆಲ್ ನಮ್ಮ ಬೀಚಿನಲ್ಲೇ ನಿಂತಿದೆ. ನಾನು ಕೇಳಲು ಬಂದಿರುವುದು ಇಷ್ಟು: ದಡದ ಹತ್ತಿರ ಕಾದಾಡಲು ಎಂಥ ಹಡಗು ಬೇಕು?

ಒಮ್ಮೆ ಕಾಳಿ ನದಿಯ ಅಳಿವೆಯಲ್ಲಿ ನಿಂತಿದ್ದೆ. ಇಳಿತದ ಹೊತ್ತು. ವಯಸ್ಸಾದ ಮೀನುಗಾರರೊಬ್ಬರು ದೋಣಿ ಒಳಗೆ ತರುತ್ತಿದ್ದರು. ಮರಳು ದಿಬ್ಬ ಹತ್ತಿರವಾದಾಗ ಎಂಜಿನ್ ಆಫ್ ಮಾಡಿ, ಮೇಲಕ್ಕೆತ್ತಿಬಿಟ್ಟರು. ಕೋಲು ಊರುತ್ತಾ ನಿಧಾನಕ್ಕೆ ದಾಟಿದರು. ದಡಕ್ಕೆ ಬಂದ ಮೇಲೆ ಕೇಳಿದೆ, ‘ಅಜ್ಜಾ, ಬೇಗ ಬರಬಹುದಿತ್ತಲ್ವಾ?’ ‘ಫ್ಯಾನ್ ಮರಳಿಗೆ ತಾಗಿದ್ರೆ ಆಮೇಲೆ ಎಲ್ಲಿಗೆ ಬೇಗ ಹೋಗೋದು ತಮ್ಮಾ?’ ಅಂದರು.

ಅಮೆರಿಕದವರು ಬೇಗ ಹೋಗುವುದಕ್ಕೇ ಮನಸೋತರು. ತೀರದ ಕಾಳಗಕ್ಕೆಂದೇ ಕಟ್ಟಿದ ಎಲ್‌ಸಿಎಸ್ ಹಡಗುಗಳಿಗೆ 40 ನಾಟ್‌ಗೂ ಜಾಸ್ತಿ ವೇಗ ಬೇಕೆಂದರು. ಗಂಟೆಗೆ 74 ಕಿ.ಮೀ., ನೀರಿನ ಮೇಲೆ! ಅದೇ ಹಡಗು ಇವತ್ತು ಮೈನ್, ಅಂದರೆ ನೀರಿನಲ್ಲಿ ಹುದುಗಿಸಿಟ್ಟ ಸಿಡಿಗುಂಡು, ಹುಡುಕಬೇಕು, ನಾಳೆ ಸಲಕರಣೆ ಬದಲಿಸಿಕೊಂಡು ಸಬ್‌ಮರೀನ್ ಬೇಟೆಯಾಡಬೇಕು. ಮೂಲ ಸಿಬ್ಬಂದಿ 40 ಜನ ಸಾಕೆಂದರು. 22 ಕೋಟಿ ಡಾಲರ್ ಅಂದುಕೊಂಡಿದ್ದ ಬೆಲೆ ದುಪ್ಪಟ್ಟು ದಾಟಿತು. 2015ರಲ್ಲಿ ಅವುಗಳಲ್ಲೊಂದಾದ ಮಿಲ್ವಾಕೀ ಸೇವೆಗೆ ಸೇರಿ ತಿಂಗಳೂ ಆಗಿರಲಿಲ್ಲ, ನಡುನೀರಲ್ಲಿ ಕೆಟ್ಟಿತು. ಎಳೆದು ತರಬೇಕಾಯಿತು. ಸೂ ಸಿಟಿ ಎಂಬ ಹಡಗು 5 ವರ್ಷವೂ ತುಂಬದೆ 2023ರಲ್ಲಿ ನಿವೃತ್ತಿಯಾಯಿತು. ಅದರಲ್ಲಿ ದುಡಿದ ನಾವಿಕರನ್ನು ನೆನೆದರೆ ಬೇಜಾರಾಗುತ್ತದೆ.

ಈಗ ನಮ್ಮ ನೌಕಾಪಡೆಯ ಅರ್ನಾಲಾ ಹಡಗು ನೋಡಿ. 2025ರ ಜೂನ್‌ನಲ್ಲಿ ವಿಶಾಖಪಟ್ಟಣದಲ್ಲಿ ಸೇವೆಗೆ ಬಂತು. 77 ಮೀಟರ್ ಉದ್ದ. ಮುಖ್ಯ ಕೆಲಸ ಒಂದೇ, ಆಳವಿಲ್ಲದ ನೀರಿನಲ್ಲಿ ಸಬ್‌ಮರೀನ್ ಹುಡುಕಿ ಹೊಡೆಯುವುದು. ಸುಮ್ನೆ ಮಾತಲ್ಲ ಇದು. ಅಲ್ಲಿ ಸೋನಾರ್, ಅಂದರೆ ಸದ್ದು ಬಿಟ್ಟು ಅದರ ಪ್ರತಿಧ್ವನಿಯಿಂದ ಹುಡುಕುವ ಸಾಧನ, ಬಿಟ್ಟ ಸದ್ದು ತಳಕ್ಕೂ ಮೇಲ್ಮೈಗೂ ಬಡಿದು ಬಡಿದು ಕಲಸಿಹೋಗುತ್ತದೆ. ಜತೆಗೆ ನಮ್ಮ ಟ್ರಾಲ್ ಬೋಟುಗಳ ಗದ್ದಲ. ಬ್ಯಾಟರಿಯಲ್ಲಿ ಮೆಲ್ಲಗೆ ಸಾಗುವ ಸಬ್‌ಮರೀನ್ ಅದರೊಳಗೆ ಅಡಗಿಬಿಡುತ್ತದೆ.

ಮತ್ತೆ ಅಜ್ಜನ ಫ್ಯಾನ್‌ಗೆ ಬರುತ್ತೇನೆ. ಅರ್ನಾಲಾದಲ್ಲಿ ಕೆಳಗೆ ಚಾಚಿದ ಫ್ಯಾನೇ ಇಲ್ಲ. ನೀರನ್ನು ಒಳಗೆಳೆದು ಹಿಂದಕ್ಕೆ ಚಿಮ್ಮಿಸುವ ವಾಟರ್‌ಜೆಟ್. ಅಮೆರಿಕದ ಹಡಗಿನಲ್ಲೂ ವಾಟರ್‌ಜೆಟ್ ಇದೆ, ನಿಜ. ಆದರೆ ಇಲ್ಲಿ 25 ನಾಟ್ ಸಾಕೆಂದು ನಿಲ್ಲಿಸಿದರು. ಇಂಥ 16 ಹಡಗುಗಳಿಗೆ ಆರ್ಡರ್ ಆಗಿದೆ, ಅರ್ಧ ಕೋಲ್ಕತ್ತಕ್ಕೆ, ಅರ್ಧ ಕೊಚ್ಚಿಗೆ.

ಹೊತ್ತಾಯಿತೆಂದು ಚೀಟಿ ಬಂದಿದೆ. ಮೈನ್‌ಗಳ ಬಗ್ಗೆ ಜಾಸ್ತಿ ಹೇಳಬೇಕೆಂದಿದ್ದೆ. ಇಷ್ಟಾದರೂ ಹೇಳಿ ಇಳಿಯುತ್ತೇನೆ: ನಮ್ಮ ನೌಕಾಪಡೆಯ ಕೊನೆಯ ಮೈನ್‌ಸ್ವೀಪರ್, ಅಂದರೆ ಮೈನ್ ತೆಗೆಯುವ ಹಡಗು, 2019ರಲ್ಲಿ ನಿವೃತ್ತಿಯಾಯಿತು. ಅದರ ಜಾಗಕ್ಕೆ ಇನ್ನೂ ಹಡಗು ಬಂದಿಲ್ಲ.