ಗಡಿಯಾರಕ್ಕೆ ಊರು ಹೇಳುವವರು ಯಾರು?

ಎಲ್ಲರಿಗೂ ನಮಸ್ಕಾರ. ಇಲ್ಲಿ ಮುಕ್ಕಾಲು ಮಂದಿ ಕಂಪ್ಯೂಟರಿನವರೇ, ಹಾಗಾಗಿ ಪೀಠಿಕೆ ಬೇಡ. ನನ್ನ ತಕರಾರು ಒಂದೇ. ನಾನು ಎಲ್ಲಿದ್ದೇನೆ ಅಂತ ಕಂಪ್ಯೂಟರು ಊಹಿಸಲಿ, ಬೇಡ ಅನ್ನೋದಿಲ್ಲ. ಟೈಮ್ ಝೋನ್ ಬದಲಿಸುವ ಮುಂಚೆ ನನ್ನನ್ನೊಂದು ಮಾತು ಕೇಳಲಿ.

ಈ ಸಿಟ್ಟಿಗೆ ಕಾರಣ ತಂಗಿ ಮಗಳ ಮದುವೆ. ನಾನು ಸೋದರಮಾವ, ಹುಡುಗಿಯನ್ನು ಮಂಟಪಕ್ಕೆ ಕರೆತರಬೇಕಾದವನು. ಛತ್ರದ ಮಹಡಿಯ ಕೋಣೆಯಲ್ಲಿ ಪಂಚೆ ಉಟ್ಟು, ಶಲ್ಯ ಹೊದ್ದು, 'ಐದೇ ನಿಮಿಷ' ಅಂತ ಆಫೀಸಿನ ಲ್ಯಾಪ್‌ಟಾಪ್ ತೆಗೆದೆ. ವೈಫೈ ಇಲ್ಲ. ಫೋನಿಗೆ ಕೇಬಲ್ ಸಿಕ್ಕಿಸಿ ನೆಟ್ ತಗೊಂಡೆ, ವಿಪಿಎನ್ ಹಾಕಿದೆ, ಅಂದರೆ ನನ್ನ ನೆಟ್ಟನ್ನು ದೂರದ ಇನ್ನೊಂದು ಕಂಪ್ಯೂಟರಿನ ಮೂಲಕ ಹಾಯಿಸುವ ಗುಪ್ತ ದಾರಿ. ಅದರ ಆಚೆ ತುದಿ ಕ್ಯಾಲಿಫೋರ್ನಿಯಾ. ಸ್ವಲ್ಪ ಹೊತ್ತಿಗೆ ಮೂಲೆ ನೋಡಿದರೆ 8:10. ಮುಹೂರ್ತ 9ಕ್ಕೆ. ನಿಧಾನವಾಗಿ ಮೇಲ್ ಓದುತ್ತಾ ಕೂತೆ.

ಮಜಾ ಇಲ್ಲೇ ಇರೋದು. ಲ್ಯಾಪ್‌ಟಾಪ್ ನನ್ನನ್ನು ಕೇಳದೆ ಕ್ಯಾಲಿಫೋರ್ನಿಯಾದ ಟೈಮ್ ಹಾಕಿಕೊಂಡಿತ್ತು. ಅದು ಮೇ ತಿಂಗಳು. ಬೇಸಿಗೆಯಲ್ಲಿ ಅಲ್ಲಿನವರು ಗಡಿಯಾರ ಒಂದು ಗಂಟೆ ಮುಂದಿಡುತ್ತಾರಲ್ಲ, ಆಗ ಅವರು ನಮಗಿಂತ ಸರಿಯಾಗಿ ಹನ್ನೆರಡೂವರೆ ಗಂಟೆ ಹಿಂದೆ. ಹನ್ನೆರಡು ಗಂಟೆಯ ಗಡಿಯಾರದಲ್ಲಿ ಕಣ್ಣಿಗೆ ಬೀಳೋದು ಬರೀ ಅರ್ಧ ಗಂಟೆ! ಎಎಂ ಹೋಗಿ ಪಿಎಂ ಆಗಿದ್ದನ್ನು ಯಾರು ನೋಡ್ತಾರೆ? ಮಧ್ಯಾಹ್ನ ಮೂರು ಅಂತ ತೋರಿಸಿದ್ದರೆ ಆಗಲೇ ಎದ್ದು ಓಡುತ್ತಿದ್ದೆ. 8:38ಕ್ಕೆ ಗಟ್ಟಿಮೇಳ ಕೇಳಿಸಿತು. ಪಕ್ಕದ ಛತ್ರದ್ದಿರಬೇಕು ಅಂದುಕೊಂಡೆ. ನಿಜವಾಗಿ ಆಗ 9:08. ಹೆಂಡತಿ ಬಾಗಿಲು ಬಡಿದಳು: "ಏನ್ರೀ, ನಿಮ್ಮ ತಮ್ಮನೇ ಕರ್ಕೊಂಡು ಬಂದ, ತಾಳಿನೂ ಕಟ್ಟಾಯ್ತು!" ತಂಗಿ ಇವತ್ತಿಗೂ ಆಲ್ಬಂನ ಆ ಪುಟ ಬಂದಾಗ ನನ್ನ ಮುಖ ನೋಡುತ್ತಾಳೆ.

ಎನ್‌ಟಿಪಿ ಸರ್ವರನ್ನು, ಅಂದರೆ ನೆಟ್ಟಿನಲ್ಲಿ ಕಂಪ್ಯೂಟರಿಗೆ ಸರಿಯಾದ ಹೊತ್ತು ಹೇಳುವ ಯಂತ್ರವನ್ನು, ಬೈಯಬೇಡಿ. ಅದು ಕೊಡೋದು ಯುಟಿಸಿ (ಇಡೀ ಜಗತ್ತಿಗೆ ಒಂದೇ ಆದ ಮೂಲ ಸಮಯ) ಮಾತ್ರ, ಊರಿನ ಉಸಾಬರಿ ಅದಕ್ಕಿಲ್ಲ. ಊರು ಪತ್ತೆ ಮಾಡೋದು ಬೇರೆ ಕೆಲಸ: ಸುತ್ತಲಿನ ವೈಫೈ ನೋಡಿ, ಅದೂ ಸಿಗದಿದ್ದರೆ ಐಪಿ ವಿಳಾಸ (ನೆಟ್ಟಿನಲ್ಲಿ ಕಂಪ್ಯೂಟರಿನ ನಂಬರು) ನೋಡಿ. ಐಪಿ ವಿಳಾಸದಲ್ಲಿ ಊರು ಬರೆದಿರೋದಿಲ್ಲ, ಯಾರೋ ಮಾಡಿಟ್ಟ ಪಟ್ಟಿಯಲ್ಲಿ ಹುಡುಕಬೇಕು. ವಿಪಿಎನ್ ಹಾಕಿದವನ ವಿಳಾಸ ಅಂದರೆ ಆಚೆ ತುದಿಯ ವಿಳಾಸ. ಊಹೆ ತಪ್ಪಾಗೋದು ಸಹಜ. ಕೇಳದೆ ಬದಲಿಸಿದ್ದೇ ತಪ್ಪು, ಅಲ್ವಾ?

ಯಾವ ಊರಿಗೆ ಯಾವ ಟೈಮ್ ಅನ್ನೋ ಪಟ್ಟಿಯ, ಅಂದರೆ ಟೈಮ್ ಝೋನ್ ಡೇಟಾಬೇಸಿನ, ಕಥೆಯೂ ಹೇಳಬೇಕಿತ್ತು. ಆರ್ಥರ್ ಡೇವಿಡ್ ಓಲ್ಸನ್ ಶುರು ಮಾಡಿದ್ದು, 2011ರಿಂದ ಇಂಟರ್‌ನೆಟ್ಟಿನ ಹೆಸರು, ನಂಬರು ನೋಡಿಕೊಳ್ಳುವ ಸಂಸ್ಥೆ ಐಎಎನ್‌ಎ ಬಳಿ ಇದೆ. ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಬಿಟ್ಟೆ. ನೇಪಾಳ ಯುಟಿಸಿಗಿಂತ ಐದೂ ಮುಕ್ಕಾಲು ಗಂಟೆ ಮುಂದಿರುವ ಕಥೆಯೂ ಬಿಟ್ಟೆ.

ವಿಪಿಎನ್‌ನಲ್ಲಿ ಕೆಲಸ ಮಾಡುವವರು ಇವತ್ತೇ ವಿಂಡೋಸ್‌ ಸೆಟ್ಟಿಂಗ್ಸ್‌ನಲ್ಲಿ ಟೈಮ್ ಝೋನನ್ನು ತಾನೇ ಬದಲಿಸುವ ಗುಂಡಿ ಆಫ್ ಮಾಡಿ, ಯುಟಿಸಿಗಿಂತ ಐದೂವರೆ ಗಂಟೆ ಮುಂದಿರುವ ಸಾಲು ಆರಿಸಿ. ಬೆಂಗಳೂರು ಅಂತ ಹುಡುಕಬೇಡಿ, ಸಿಗಲ್ಲ. ಚೆನ್ನೈ, ಕೋಲ್ಕತಾ, ಮುಂಬೈ, ನವದೆಹಲಿ ಅಂತಿರುತ್ತೆ.